ಪಂಪಾಪತಿ ಮೇಷ್ಟ್ರ ಸರ್ವಋತು ಗಾಲಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರವರೇ ಹೇಳಿಕೊಂಡು ನಗುತ್ತಾರೆ. ಅಂಥ ಊರಿನಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ, ಪಂಪಾಪತಿ ಮೇಷ್ಟ್ರು ತಮ್ಮ ಹಳೆಯ ಕಾರನ್ನು ಬೀದಿಗೆ ತಂದು ನಿಲ್ಲಿಸಿ, ಇನ್ನು ಮೇಲೆ ಇದು ಹಿಮದ ಮೇಲೂ ಓಡುತ್ತದೆ ಎಂದು ಸಾರಿದರು! ಬೀದಿಯವರೆಲ್ಲ ನಕ್ಕರು. ನಗದೆ ನಿಂತವರು ಮೇಷ್ಟ್ರ ಹೆಂಡತಿ ನೀಲಮ್ಮ ಒಬ್ಬರೇ. ಹಿಮ ಬೇಕಾಗಿದ್ದದ್ದು ಅವರಿಗೆ.

ಮದುವೆಯಾದ ಹೊಸತರಲ್ಲಿ ಯಾರದೋ ಮನೆಯ ಗೋಡೆಯ ಮೇಲೆ ಹಿಮದ ಬೆಟ್ಟದ ಪಟ ನೋಡಿ, ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಎಂದಿದ್ದರು ನೀಲಮ್ಮ. ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು ಮೇಷ್ಟ್ರು. ಆಮೇಲೆ ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವುದು, ಮನೆಯಲ್ಲಿ ಬೇಡದ ಯಂತ್ರ ಕಟ್ಟುವುದು, ಇಷ್ಟರಲ್ಲೇ ತಲೆ ಬೆಳ್ಳಗಾಯಿತು. ಅವರ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವ ಬದಲು ಎದುರು ಮನೆಯ ಮಾಳಿಗೆಗೆ ಎಸೆಯುತ್ತಿತ್ತು. ಎದುರು ಮನೆಯವರು ಮಾತ್ರ ಇವತ್ತಿಗೂ ಅದನ್ನು ಹೊಗಳುತ್ತಾರೆ.

ಈಗ ನೀಲಮ್ಮನ ತಮ್ಮ ಕೊಟ್ರೇಶಿ ಹಿಮಾಲಯದ ಪ್ರವಾಸಕ್ಕೆ ಹೊರಟಿದ್ದ. ಬಸ್ಸಿನಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ಬರುತ್ತೀಯೋ ಇಲ್ಲವೋ ಇವತ್ತು ಮಧ್ಯಾಹ್ನದೊಳಗೆ ಹೇಳಿಬಿಡು ಅಕ್ಕ ಎಂದಿದ್ದ. ನೀಲಮ್ಮನಿಗೆ ಹೋಗುವ ಆಸೆ ಬೆಟ್ಟದಷ್ಟು. ಆದರೆ ಗಂಡನನ್ನು ಬಿಟ್ಟು ಹಿಮ ನೋಡುವುದು ಅಂದರೆ, ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ಹೋಳಿಗೆ ತಿಂದ ಹಾಗೆ ಅನಿಸುತ್ತಿತ್ತು. ಈ ಗಾಲಿ ಏನಾದರೂ ಓಡಿದರೆ ಇವರ ಜೊತೆ, ಓಡದಿದ್ದರೆ ತಮ್ಮನ ಜೊತೆ ಎಂದು ಮನಸ್ಸಿನಲ್ಲೇ ನಿರ್ಧಾರ ಮಾಡಿದ್ದರು.

ಗಾಲಿ ಆರಿಸುವ ಕೆಲಸವೇ ಒಂದು ಪುರಾಣ. ಮೌಲಾಸಾಬರ ಟೈರ್ ಅಂಗಡಿಯ ಮುಂದೆ ಮೇಷ್ಟ್ರು ಹೆಣ್ಣು ನೋಡಲು ಬಂದವರಂತೆ ಕೂತುಬಿಡುತ್ತಿದ್ದರು. ಈ ಅಲಾಯ್ ವೀಲ್ ಬಹಳ ತೆಳುವು, ಅದರ ಕಡ್ಡಿಗಳ ನಡುವೆ ಕೆಸರು ಕೂರುತ್ತದೆ, ಇನ್ನೊಂದರ ಬಣ್ಣ ಎಮ್ಮೆಯ ಹಾಗಿದೆ! ಟೈರಿನದು ಅದಕ್ಕಿಂತ ದೊಡ್ಡ ತಕರಾರು. ಬೇಸಿಗೆಯ ಟೈರು ಗಟ್ಟಿ ರಬ್ಬರಿನದು, ಚಳಿಗೆ ಕಲ್ಲಾಗಿ ಜಾರುತ್ತದೆ. ಚಳಿಗಾಲದ ಟೈರು ಮೆತ್ತಗಿನದು, ಬಳ್ಳಾರಿಯ ಬಿಸಿಲಿಗೆ ಹಲ್ವ ಆಗುತ್ತದೆ. ಎರಡೂ ಜೊತೆ ಇಟ್ಟುಕೊಂಡು ಕಾಲಕ್ಕೆ ತಕ್ಕಂತೆ ಬದಲಿಸಿ ಎಂದು ಮೌಲಾಸಾಬರು ಕೈಮುಗಿದು ಹೇಳಿದರು. ಆದರೆ ಬಿಚ್ಚಿದ ಗಾಲಿಗಳನ್ನು ಇಡುವುದೆಲ್ಲಿ? ಮಂಚದ ಕೆಳಗೆ ಆಗಲೇ ಯಂತ್ರಗಳ ಸ್ಮಶಾನವಿತ್ತು, ಅಡುಗೆಮನೆಗೆ ತಂದರೆ ನಾನು ತವರಿಗೆ ಹೋಗುತ್ತೇನೆ ಎಂದು ನೀಲಮ್ಮ ಹೇಳಿಯಾಗಿತ್ತು.

ಹೀಗೆ ಹುಟ್ಟಿದ್ದು ಸರ್ವಋತು ಗಾಲಿ. ಅಲಾಯ್ ವೀಲಿನ ಕಡ್ಡಿಗಳೊಳಗೆ ಮೇಷ್ಟ್ರು ತಾವೇ ಕಂಡುಹಿಡಿದ ನೀಲಿ ದ್ರವ ತುಂಬಿ, ಪ್ರತಿ ಗಾಲಿಗೂ ಒಂದು ಯಾಂತ್ರಿಕ ಮೂಗು ಕೂರಿಸಿದ್ದರು. ಮೂಗಿಗೆ ಚಳಿ ತಾಗಿದರೆ ದ್ರವ ಕಾದು ರಬ್ಬರು ಮೆತ್ತಗಾಗಿ, ಹಿಮ ಕಚ್ಚಲು ಮೊಳೆಗಳು ಹೊರಬರುತ್ತವೆ. ಬಿಸಿ ತಾಗಿದರೆ ಮೊಳೆಗಳು ಒಳಗೆ ಹೋಗಿ, ದ್ರವ ತಣ್ಣಗಾಗಿ ಟೈರನ್ನು ತಂಪಾಗಿಡುತ್ತದೆ. ನಾಲ್ಕು ಗಾಲಿಗೂ ಸ್ವಂತ ಬುದ್ಧಿ. ಸ್ವಿಚ್ ಹಾಕಿ ಗಾಲಿ ಉರುಳುವಷ್ಟರಲ್ಲಿ ಮೂಗಿಗೆ ಯಾವ ಕಾಲ ಅನಿಸಿತೋ ಅದೇ ಕಾಲ, ಆಮೇಲೆ ಬ್ರಹ್ಮ ಬಂದು ಹೇಳಿದರೂ ಅಭಿಪ್ರಾಯ ಬದಲಿಸುವುದಿಲ್ಲ. ಮಾಡಿದವರ ಗುಣವೇ ಬಂದಿದೆ ಎಂದುಕೊಂಡರು ನೀಲಮ್ಮ.

ಮೇಷ್ಟ್ರು ಸ್ವಿಚ್ ಹಾಕಿದರು. ಆದರೆ ಹೊಸ ಗಾಲಿಯನ್ನು ಪೂಜೆ ಮಾಡದೆ ಉರುಳಿಸುವುದುಂಟೆ? ನೀಲಮ್ಮ ಎಡಗಡೆಯ ಎರಡು ಗಾಲಿಗಳನ್ನು ಮಣ್ಣಿನ ಗಡಿಗೆಯ ತಣ್ಣೀರಿನಿಂದ ತೊಳೆದು ವಿಭೂತಿ ಹಚ್ಚಿದರು. ಅಷ್ಟಕ್ಕೆ ಗಡಿಗೆ ಬರಿದಾಯಿತು. ಬಲಗಡೆಯ ಎರಡಕ್ಕೆ ಮಾಳಿಗೆಯ ಟ್ಯಾಂಕಿನ ನೀರು. ಏಪ್ರಿಲ್ ತಿಂಗಳಲ್ಲಿ ಆ ನೀರಿಗೆ ಅಕ್ಕಿ ಹಾಕಿದರೆ ಅನ್ನವಾಗುತ್ತದೆ! ಸಾಲದ್ದಕ್ಕೆ ಕರ್ಪೂರ ಗಾಳಿಗೆ ಆರದಿರಲಿ ಎಂದು ಆರತಿ ತಟ್ಟೆಯನ್ನು ಬಲಗಾಲಿಗಳ ಮರೆಯಲ್ಲಿ, ಸರಿಯಾಗಿ ಮೂಗಿನ ಕೆಳಗೇ ಹಿಡಿದು ಬೆಳಗಿದರು. ನಾಲ್ಕು ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕಾರು ಹತ್ತಿ ಗಂಡನ ಪಕ್ಕ ಕೂತರು.

ನಿಂಬೆಹಣ್ಣು ಪಚ್ಚೆಂದವು. ಕಾರು ನಾಲ್ಕು ಮಾರು ಹೋಗಿ, ಎಡಕ್ಕೆ ತಿರುಗಿತು. ಮತ್ತೆ ಎಡಕ್ಕೆ ತಿರುಗಿತು. ಎಡಗಾಲಿಗಳು ಘೋರ ಚಳಿಗಾಲ ಎಂದು ನಂಬಿ ಮೊಳೆ ಚಾಚಿ ಡಾಂಬರು ಕಚ್ಚಿದ್ದವು. ಬಲಗಾಲಿಗಳು ಪ್ರಳಯಕಾಲದ ಬೇಸಿಗೆ ಎಂದು ನಂಬಿ ನುಣ್ಣಗೆ ಉರುಳುತ್ತಿದ್ದವು. ಕಾರು ಬೀದಿಯ ನಡುವಿನ ಬೇವಿನ ಮರಕ್ಕೆ ಪ್ರದಕ್ಷಿಣೆ ಹಾಕತೊಡಗಿತು!

“ಬ್ರೇಕ್ ಹಾಕ್ರಿ,” ಎಂದರು ನೀಲಮ್ಮ.

“ಹಾಕೀನಿ. ಬಲಗಡಿ ಬ್ರೇಕ್ ಹೆಪ್ಪುಗಟ್ಟೇತಿ.”

ಮರದಡಿ ಕೂತಿದ್ದ ಮುದುಕಿಯೊಬ್ಬಳು ದೇವರ ಗಾಡಿಯೆಂದು ಕೈಮುಗಿದಳು. ಮೌಲಾಸಾಬರು ನಿಲ್ಲಿಸಿ, ನಿಲ್ಲಿಸಿ ಎನ್ನುತ್ತ ಕಾರಿನ ಹಿಂದೆ ಒಂದು ಸುತ್ತು ಓಡಿ, ಮುಂದಿನ ಸುತ್ತಿಗೆ ಹೇಗೂ ಇಲ್ಲಿಗೇ ಬರುತ್ತದಲ್ಲ ಎಂದು ಕಟ್ಟೆಯ ಮೇಲೆ ಕೂತರು. ಎಡಗಾಲಿಗಳು ಕಾದಷ್ಟೂ ಡಾಂಬರು ಕರಗಿತು. ಬಲಗಾಲಿಗಳ ಮೇಲೆ ಮೊದಲು ಇಬ್ಬನಿ ಕೂತಿತು, ಆಮೇಲೆ ಬಿಳಿ ಪುಡಿ. ಎದುರು ಮನೆಯವರು ತಂಪಾಗಲಿ ಎಂದು ಮಜ್ಜಿಗೆಯ ತಂಬಿಗೆಯನ್ನು ಕಾರು ಹೋಗುವ ದಾರಿಗೆ ಹಿಡಿದರು. ಒಂದೇ ಸುತ್ತಿಗೆ ಮಜ್ಜಿಗೆ ಕಲ್ಲಾಯಿತು!

ಕಡೆಗೆ ಎಡಗಾಲಿಗಳು ತಾವೇ ಕರಗಿಸಿದ ಡಾಂಬರಿನಲ್ಲಿ ಮೊಣಕಾಲುದ್ದ ಹೂತು ನಿಂತವು. ಬಲಗಡೆ ಮೇಲೆದ್ದ ಎರಡು ಗಾಲಿಗಳು ಮಾತ್ರ ಗಾಳಿಯಲ್ಲಿ ಗಿರ್ರೆಂದು ತಿರುಗುತ್ತ, ಕೂಡಿಹಾಕಿದ ಬಿಳಿ ಪುಡಿಯನ್ನೆಲ್ಲ ಬೇವಿನ ಮರದ ತುದಿಯವರೆಗೆ ಚಿಮ್ಮಿ, ಉಸ್ಸೆಂದು ನಿಂತವು.

ಮೇಷ್ಟ್ರು ಸ್ಟೇರಿಂಗಿನ ಮೇಲೆ ತಲೆ ಇಟ್ಟರು. “ನೀ ಕೊಟ್ರೇಶಿ ಜೊತಿ ಹೋಗು ನೀಲಾ,” ಎಂದರು. “ನನ್ನ ಕೈಲಿ ಆಗಂಗಿಲ್ಲ. ನಾ ನಿನಗ ಸುಳ್ಳು ಆಸಿ ತೋರಿಸಿದೆ.”

ನೀಲಮ್ಮ ಹೂತು ತೆರೆಯದಂತಾದ ಬಾಗಿಲನ್ನು ಬಿಟ್ಟು ಕಿಟಕಿಯಿಂದ ಕೈ ಹೊರಗೆ ಚಾಚಿದರು. ಬೇವಿನ ಎಲೆಗಳ ನಡುವಿನಿಂದ ಬೆಳ್ಳಗೆ, ಹಗುರಾಗಿ, ಸದ್ದಿಲ್ಲದೆ ಉದುರುತ್ತಿತ್ತು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಹಿಮ! ಅಂಗೈ ಮೇಲೆ ಕೂತು, ಒಂದು ಚಣ ಹೊಳೆದು ನೀರಾಯಿತು. ಅವರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಮನುಷ್ಯ ನನ್ನ ಒಂದು ಮಾತನ್ನು ಮರೆಯದೆ ಇಟ್ಟುಕೊಂಡಿದ್ದಾನಲ್ಲ ಎಂದು ಅವರಿಗೆ ಗಂಡನ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

“ತಲಿ ಎತ್ರಿ,” ಎಂದರು. “ಬೇಗ ಕೈ ಚಾಚ್ರಿ, ಕರಗಿ ಹೋಗ್ತೇತಿ.”

ಇಬ್ಬರೂ ವಾಲಿದ ಕಾರಿನಲ್ಲಿ ಒಬ್ಬರಿಗೊಬ್ಬರು ಒರಗಿ ಕೂತು, ಕಿಟಕಿಯಾಚೆ ಕೈ ಚಾಚಿದರು. ಹೊರಗೆ ಮೌಲಾಸಾಬರು ಕಿವಿಗೆ ಟವೆಲ್ ಸುತ್ತಿಕೊಂಡು ಗಡಗಡ ನಡುಗುತ್ತಿದ್ದರು.

ಅಷ್ಟರಲ್ಲಿ ಕೊಟ್ರೇಶಿಯ ಫೋನು ಬಂತು. ಸೀಟು ಇಟ್ಟುಕೊಳ್ಳಲೋ ಬಿಡಲೋ ಎಂದು ಕೇಳಿದ. ಬೇರೆ ಯಾರಿಗಾದರೂ ಕೊಟ್ಟುಬಿಡು, ನಾನು ಹಿಮ ನೋಡಿಯಾಯಿತು ಎಂದರು ನೀಲಮ್ಮ. ಕೊಟ್ರೇಶಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ದೀಪಾವಳಿಗೆ ಸಮುದ್ರ ನೋಡಲು ಹೋಗೋಣ, ಆಗಲಾದರೂ ಭಾವನನ್ನೂ ಕೇಳಿ ಹೇಳು ಎಂದ.

ನೀಲಮ್ಮ ಗಂಡನ ಕಡೆ ಒಮ್ಮೆ ನೋಡಿ, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು:

“ಸಮುದ್ರದ ಮಾತು ಇವರ ಮುಂದ ಎತ್ತಬ್ಯಾಡಪ. ನಮ್ಮ ಮನಿ ತಗ್ಗಿನಾಗ ಐತಿ.”