ಬೆಟ್ಟದ ಮೇಲಿನ ಕೆರೆ

ಇಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದೇ ಒಂದು ತೊಟ್ಟು ಚಹಾ.

ಏಳು ವರ್ಷದ ಹಿಂದೆ ನಕ್ಷೆ ಕಚೇರಿಯಲ್ಲಿ, ಕಡಲತೀರದಿಂದ ಬೆಟ್ಟದ ತುದಿವರೆಗಿನ ಪ್ರವಾಸಿ ನಕ್ಷೆಗೆ ಕೊನೆಯ ಗೆರೆ ಎಳೆಯುತ್ತಿದ್ದಾಗ, ನಮ್ಮ ನಕ್ಷೆರಾಯರ ಲೋಟದಿಂದ ಆ ತೊಟ್ಟು ಸರಿಯಾಗಿ ಬೆಟ್ಟದ ನೆತ್ತಿಯ ಮೇಲೆ ಬಿತ್ತು. ಹೊರಗೆ ಸಾಹೇಬರ ಬೂಟಿನ ಸದ್ದು. ರಾಯರು ಹಿಂದೆಮುಂದೆ ನೋಡದೆ ಕಲೆಯ ಸುತ್ತ ಗೆರೆ ಎಳೆದು, ಒಳಗೆ ನೀಲಿ ತುಂಬಿ, ಪಕ್ಕದಲ್ಲಿ ‘ಕೆರೆ’ ಎಂದು ಬರೆದುಬಿಟ್ಟರು. ಸಾಹೇಬರು ರುಜು ಹಾಕಿದರು, ಅವರ ಮೇಲಿನವರು ಹಾಕಿದರು, ಅವರಿಗೂ ಮೇಲಿನವರು ಹಾಕಿದರು. ಮೂರು ರುಜು ಬಿದ್ದ ಮೇಲೆ ಆ ಕಚೇರಿಯಲ್ಲಿ ನಕ್ಷೆ ತಪ್ಪಾಗುವುದಿಲ್ಲ, ಬೇಕಾದರೆ ನೆಲವೇ ತಪ್ಪು. ನಕ್ಷೆ ಅಚ್ಚಾಯಿತು. ಒಂದು ಪ್ರತಿ ಚೌಕಟ್ಟು ಹಾಕಿಸಿಕೊಂಡು ರಾಯರ ಮನೆಯ ಗೋಡೆಯನ್ನೂ ಏರಿತು. ತೊಟ್ಟಿನ ವಿಷಯ ರಾಯರಿಗೆ ಪೂರ್ತಿ ಮರೆತೇಹೋಯಿತು.

ಮನೆಯಲ್ಲಿ ಅವರೂ ಸೇರಿ ಹನ್ನೊಂದು ಜನ. ಸ್ನಾನಕ್ಕೆ ಹೋದರೂ ಯಾರಾದರೊಬ್ಬರು ಬಾಗಿಲು ಬಡಿಯುತ್ತಿದ್ದರು. ಒಂದು ದಿನವಾದರೂ ಒಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಸಮುದ್ರ, ಬೆಟ್ಟ ಸುತ್ತಿ ಬರಬೇಕೆಂಬುದು ರಾಯರ ಬಹಳ ಕಾಲದ ಆಸೆ. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಭಾವಮೈದುನ ಬಿದ್ದುಬಿದ್ದು ನಕ್ಕ.

“ಭಾವ, ಮೂಗಿನ ಮೇಲಿರೋ ಕನ್ನಡಕ ಹುಡುಕೋಕೇ ನಿಮಗೆ ಮೂರು ಜನ ಬೇಕು. ನೀವೊಬ್ರೇ ಬೆಟ್ಟ ಹತ್ತೋದಾ?”

“ನಾನೇ ಬರೆದ ನಕ್ಷೆ ಕಣಯ್ಯಾ! ಕಣ್ಣು ಮುಚ್ಕೊಂಡು ಹೋಗಿ ಬರ್ತೀನಿ.”

ಅವನು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟ. “ಹಾಗಾದ್ರೆ ಪಂಥ! ಈ ಕೆರೆ ಮುಟ್ಟಿ, ಯಾರ ಹತ್ರನೂ ದಾರಿ ಕೇಳದೆ, ಸಂಜೆ ಆರರೊಳಗೆ ಮನೇಲಿರ್ಬೇಕು. ಗೆದ್ರೆ ವರ್ಷಕ್ಕೊಂದು ಸಲ ಒಬ್ರೇ ಹೋಗಿ, ಯಾರೂ ತಡೆಯಲ್ಲ. ಸೋತ್ರೆ ಇನ್ಮೇಲೆ ರಜಾ ಅಂದ್ರೆ ನನ್ನ ವ್ಯಾನು, ಹನ್ನೊಂದು ಜನ, ದಾರಿಯುದ್ದಕ್ಕೂ ನನ್ನ ಹಾಡು.”

ಅವನ ಹಾಡು ನೆನೆದೇ ರಾಯರು ಕಿವಿ ಮುಚ್ಚಿಕೊಂಡರು. ಆದರೂ “ಆಗ್ಲಿ” ಎಂದರು.

ಮರುದಿನ ಬೆಳಗ್ಗೆ ಅತ್ತೆ ಚೀಲಕ್ಕೆ ಕಂಬಳಿ ತುರುಕಿದರು. ಹೆಂಡತಿ ಛತ್ರಿ, ಟಾರ್ಚು, ಎರಡು ಸ್ವೆಟರ್ ತುರುಕಿದಳು. ಭಾವಮೈದುನ ಒಂದು ಸೀಟಿ ಕೊಟ್ಟು, “ಕಳೆದುಹೋದ್ರೆ ಊದಿ ಭಾವ” ಎಂದ. ಈ ಗಲಾಟೆಯಲ್ಲಿ ನೀರಿನ ಬಾಟಲಿ ಮೇಜಿನ ಮೇಲೇ ಉಳಿಯಿತು.

ಬಸ್ಸು ಕಡಲತೀರದಲ್ಲಿ ಇಳಿಸಿ ಹೋಯಿತು. ಅಬ್ಬಾ, ಏನು ಸುಖ! ರಾಯರು ಚಪ್ಪಲಿ ಕೈಯಲ್ಲಿ ಹಿಡಿದು ಅಲೆಗಳ ಜೊತೆ ಓಡಿದರು. ಗಂಟಲು ಹರಿಯುವ ಹಾಗೆ ಹಾಡಿದರು. ‘ಯಾಕ್ರೀ, ಹೊಟ್ಟೆನೋವಾ?’ ಎಂದು ಕೇಳಲು ಒಬ್ಬರೂ ಇರಲಿಲ್ಲ. ಆಮೇಲೆ ಕಾಲುದಾರಿ ಹಿಡಿದು ಬೆಟ್ಟ ಹತ್ತಿದರು. ಒಂದೊಂದು ತಿರುವಿಗೂ ಸಮುದ್ರ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ಬೆನ್ನ ಮೇಲಿನ ಚೀಲ ಮಾತ್ರ ನಿದ್ದೆಹೋದ ಮಗುವಿನ ಹಾಗೆ ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಒಣಗಿತು. ಇರಲಿ, ಮೇಲೆ ಕೆರೆ ಇದೆಯಲ್ಲ ಎಂದು ಧೈರ್ಯವಾಗಿ ನಡೆದರು.

ನೆತ್ತಿಯ ಮೇಲೆ ಬರೀ ಬಂಡೆ, ಮುಳ್ಳಿನ ಪೊದೆ. ಬಂಡೆಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರು, ಅವರ ಹೆಂಡತಿ. ಮೇಷ್ಟ್ರ ಹೆಗಲ ಮೇಲೆ ಟವೆಲ್, ಕೈಯಲ್ಲಿ ಅದೇ ನಕ್ಷೆ.

“ನೀವೂ ಕೆರೆಗೆ ಬಂದ್ರಾ? ಎರಡು ಗಂಟೆಯಿಂದ ಹುಡುಕ್ತಿದ್ದೀವಿ ಸ್ವಾಮಿ! ಇದನ್ನ ಬರೆದ ಮಹಾನುಭಾವ ನನ್ನ ಕೈಗೆ ಸಿಗ್ಬೇಕು ಇವತ್ತು!”

ರಾಯರು ನಕ್ಷೆಗೆ ಬಗ್ಗಿದರು. ಆ ನೀಲಿ ಕೆರೆಗೆ ಸಣ್ಣದೊಂದು ಬಾಲವಿತ್ತು, ಲೋಟದಿಂದ ಜಾರಿದ ತೊಟ್ಟಿಗೆ ಇರುವಂಥದ್ದು. ಏಳು ವರ್ಷದ ಮರೆವು ಒಂದೇ ಕ್ಷಣದಲ್ಲಿ ಇಳಿದುಹೋಯಿತು.

“ತಮ್ಮ ಉದ್ಯೋಗ?” ಮೇಷ್ಟ್ರು ಕೇಳಿದರು.

“ತ... ತರಕಾರಿ ಅಂಗಡಿ.”

“ನೀವೇ ಹೇಳಿ, ಇಂಥವನಿಗೆ ಏನ್ಮಾಡ್ಬೇಕು?”

“ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸ್ಬೇಕು” ಎಂದರು ರಾಯರು, ಮನಃಪೂರ್ವಕವಾಗಿ. ಆ ಉತ್ತರಕ್ಕೆ ಮೇಷ್ಟ್ರ ಹೆಂಡತಿ ಮೆಚ್ಚಿ ಅರ್ಧ ಬಾಟಲಿ ನೀರು ಕೊಟ್ಟರು. ರಾಯರು ಕುಡಿದವರೇ ಅಲ್ಲಿಂದ ಕಾಲ್ಕಿತ್ತರು.

ಆರಕ್ಕೆ ಹತ್ತು ನಿಮಿಷವಿದ್ದಾಗ ಮನೆ ತಲುಪಿದರು. ಬಾಗಿಲಲ್ಲಿ ಹತ್ತೂ ಜನ ಸಾಲಾಗಿ ನಿಂತಿದ್ದರು.

“ದಾರಿ ಕೇಳಿಲ್ಲ ತಾನೇ? ಕೆರೆ ಮುಟ್ಟಿದ್ರಾ ಭಾವ?”

ಕೆರೆಯೇ ಇಲ್ಲ ಎಂದರೆ ಪಂಥವೂ ಹೋಯಿತು, ಮಾನವೂ ಹೋಯಿತು. “ಮುಟ್ಟೋದೇನು, ಈಜಾಡಿ ಬಂದೆ!” ಎಂದರು. ಒಮ್ಮೆ ಶುರುವಾದ ನಾಲಿಗೆ ನಿಲ್ಲಲಿಲ್ಲ. “ನೀರು ಅಂದ್ರೆ ಕನ್ನಡಿ! ಕೆರೆ ತುಂಬ ಬಿಳೀ ತಾವರೆ! ಬಾತುಕೋಳಿಗಳು ಕೈಗೇ ಬರ್ತವೆ!”

ಭಾವಮೈದುನನ ಬಾಯಿ ತೆರೆದಂತೇ ಇತ್ತು. “ಸೋತೆ ಭಾವ. ಒಪ್ಕೊಂಡೆ.”

ರಾಯರಿಗೆ ಕುಣಿಯುವಷ್ಟು ಖುಷಿಯಾಯಿತು. ಇನ್ನು ವರ್ಷಾವರ್ಷ ಸಮುದ್ರ, ಗಾಳಿ, ತಾವು!

ಆಗ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಂಥಾ ಜಾಗಕ್ಕೆ ಒಬ್ರೇ ಹೋಗಿ ಬಂದ್ರಲ್ಲ. ನನ್ನ ನೆನಪೇ ಬರ್ಲಿಲ್ವೇನ್ರೀ?”

“ಅಳ್ಬೇಡ ಅಕ್ಕ” ಎಂದ ತಮ್ಮ. “ಒಂಟಿಯಾಗಿ ಹೋಗೋದು ವರ್ಷಕ್ಕೊಂದೇ ಸಲ, ಭಾವನ ಈ ವರ್ಷದ್ದು ಮುಗೀತಲ್ಲ! ಭಾನುವಾರ ನನ್ನ ವ್ಯಾನಲ್ಲಿ ಎಲ್ರೂ ಕೆರೆಗೆ ಹೋಗೋಣ. ಭಾವನೇ ಮುಂದೆ ಕೂತು ದಾರಿ ತೋರಿಸ್ತಾರೆ” ಎಂದವನೇ ಗಂಟಲು ಸರಿಮಾಡಿಕೊಂಡು ಹಾಡು ಶುರುಮಾಡಿದ.

ಗದ್ದಲದ ನಡುವೆ ಅತ್ತೆ ಮೆಲ್ಲಗೆ ಬಂದು ಕೇಳಿದರು, “ಅಳಿಯಂದ್ರೇ, ನಂಗೆ ಈಜು ಬರಲ್ಲ. ಕೆರೆ ತುಂಬ ಆಳವಾ? ಮುಳುಗಿಗಿಳುಗಿ ಹೋದ್ರೆ?”

ಆ ಸಂಜೆ ರಾಯರು ಮೊದಲ ಸಲ ಸತ್ಯ ನುಡಿದರು.

“ನಿಶ್ಚಿಂತೆಯಾಗಿರಿ ಅತ್ತೆ. ಆ ಕೆರೇಲಿ ಯಾರೂ ಮುಳುಗೋ ಹಾಗೇ ಇಲ್ಲ.”