ಸುಗ್ಗಿ ಹಬ್ಬಕ್ಕೆ ಬರಿಗೈ

ನಿವೃತ್ತಿ ಬರುವುದು ಒಂದೇ ದಿನದಲ್ಲಿ, ಆದರೆ ಅದು ಮೈಗೆ ಹತ್ತಲು ವರ್ಷಗಳೇ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಮೇಟ್ರನ್ ಆಗಿದ್ದ ನಾನು ಈಗ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಒಬ್ಬನೇ ಒಬ್ಬ ರೋಗಿಯನ್ನಿಟ್ಟುಕೊಂಡು ವಾರ್ಡು ನಡೆಸುತ್ತಿದ್ದೇನೆ. ಆ ರೋಗಿ ನಮ್ಮ ಮನೆಯವರು. ಅವರಿಗೆ ಯಾವ ರೋಗವೂ ಇಲ್ಲ. ಬೆಳಿಗ್ಗೆ ಅವರು ಏಳುವ ಮೊದಲೇ ಚಾದರದ ಮೂಲೆ ಮಡಿಸಲು ತಯಾರಾಗಿ ನಿಲ್ಲುತ್ತೇನೆ. "ತಾಯೀ, ನನಗ ಡಿಸ್ಚಾರ್ಜ್ ಯಾವಾಗರೆ ಕೊಡ್ತಿ?" ಎಂದು ಅವರು ಗೊಣಗುತ್ತಾರೆ.

ನಗಬೇಡಿ. ಆ ಬಿಳಿ ಸೀರೆ, ನನ್ನ ಚಪ್ಪಲಿ ಸಪ್ಪಳ ಕೇಳಿದೊಡನೆ ನರ್ಸ್ ಹುಡುಗಿಯರು ಗಪ್ಪಾಗುತ್ತಿದ್ದದ್ದು, ಎಲ್ಲವೂ ಮತ್ತೆ ಬೇಕೆನಿಸುತ್ತದೆ. ಭಾನುವಾರ ನಮ್ಮ ಕನ್ನಡ ಚರ್ಚಿನಲ್ಲಿ ಯಾರಾದರೂ "ಮೇಟ್ರನ್ ಬಾಯಿ, ಮೊಣಕಾಲು ಭಾಳ ನೋಯ್ತದ್ರಿ" ಎಂದರೆ ಸಾಕು, ಆ ವಾರವೆಲ್ಲ ನನ್ನ ನಡಿಗೆಯೇ ಬೇರೆ.

ಹೀಗಿರುವಾಗ ಚರ್ಚಿನ ಸುಗ್ಗಿ ಹಬ್ಬ ಬಂತು. ಪುಣೆಯಲ್ಲಿ ನಮಗೆ ಹೊಲ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮಲ್ಲಿ ದೇವರಿಗೆ ಒಪ್ಪಿಸುವ ಪ್ರಥಮ ಫಲವೆಂದರೆ ಅವರವರ ಕೆಲಸದ ಫಲ. ಟೇಲರ್ ಸಾಮುವೇಲಪ್ಪ ಜಂಪರ್ ಹೊಲಿದು ತರುತ್ತಾನೆ, ಬೇಕರಿಯ ರೂತಮ್ಮ ಕೇಕು ತರುತ್ತಾಳೆ. ಎಲ್ಲವನ್ನೂ ವೇದಿಯ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಲಿಲಾವು ಕೂಗಿ ಮಾರುತ್ತಾರೆ. ನಾನು ಮಾತ್ರ ಬಿ.ಪಿ. ಯಂತ್ರ ಹೊತ್ತುಹೋಗಿ ಅಂಗಳದಲ್ಲಿ ಕೂತು ಸಭೆಯವರೆಲ್ಲರ ಬಿ.ಪಿ. ನೋಡುತ್ತಿದ್ದೆ, ಅದೇ ನನ್ನ ಕಾಣಿಕೆ. ಈಗ ಮನೆಮನೆಯಲ್ಲೂ ಗುಂಡಿ ಒತ್ತುವ ಯಂತ್ರ ಬಂದಿದೆ. ಸ್ಟೆತಾಸ್ಕೋಪಿನಲ್ಲಿ ನಾಡಿಯ ಸಪ್ಪಳ ಹಿಡಿಯಲು ನನ್ನ ಕಿವಿಯೂ ಮಂದವಾಗಿದೆ.

ನಮ್ಮ ಪಾದ್ರಿ ಅಯ್ಯನವರಿಗೆ ಫೋನ್ ಮಾಡಿದೆ. "ಈ ಸಲ ನಾ ಬರೂದಿಲ್ರಿ. ತರಾಕ ನನ್ನ ಕಡೆ ಏನೂ ಉಳದಿಲ್ಲ" ಎಂದೆ.

"ಬರಿಗೈಲೆ ಬರ್ರಿ," ಎಂದರು. ನನ್ನ ಮಗನ ವಯಸ್ಸಿನವರು. "ದೀಕ್ಷಾಸ್ನಾನ ಆದಾಗ ನಿಮ್ಮ ಕೈಯಾಗ ಏನಿತ್ರಿ? ಹಾಲು ಕುಡಿಯೋ ಕೂಸು! ಆವತ್ತೇ ದೇವರು ನಿಮ್ಮನ್ನ ಮಗಳು ಅಂದುಬಿಟ್ಟಾನ. ಮೇಟ್ರನ್ ಆಗಿದ್ದು ಆಮ್ಯಾಲ."

ಹೋದೆ. ಸಾಲಿನಲ್ಲಿ ನನ್ನ ಮುಂದೆ ಜಂಪರು, ಹಿಂದೆ ಕೇಕು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಂಡುತ್ತ ನಿಂತಿದ್ದೆ. ನನ್ನ ಸರದಿ ಬಂದಾಗ ಅಯ್ಯನವರು ತಲೆಯ ಮೇಲೆ ಕೈಯಿಟ್ಟು, "ಕರ್ತನೇ, ನಿನ್ನ ಮಗಳಾದ ಕರುಣಾಳನ್ನು ಅಂಗೀಕರಿಸು" ಎಂದು ಪ್ರಾರ್ಥಿಸಿದರು. ಯಾರಪ್ಪಾ ಈ ಕರುಣಾ ಎಂದು ನಾನು ಒಂದು ಕಣ್ಣು ತೆರೆದು ಪಕ್ಕಕ್ಕೆ ನೋಡಿದೆ! ಆಮೇಲೆ ಅಳು ಬಂತು. ನಮ್ಮವ್ವ ತೀರಿಕೊಂಡ ಮೇಲೆ ಯಾರೂ ನನ್ನನ್ನು ಬರೀ ಹೆಸರಿನಿಂದ ಕರೆದಿರಲಿಲ್ಲ. ಈ ಕೂಗು ನನಗೆ ಎಷ್ಟು ಬೇಕಾಗಿತ್ತೆಂದು ಆಗ ತಿಳಿಯಿತು.

ಹಗುರಾಗಿ ಅಂಗಳಕ್ಕೆ ಬಂದೆ. ಪ್ರಾರ್ಥನೆ ಕೇಳಿಸಿಕೊಂಡಿದ್ದ ರೂತಮ್ಮ ಪ್ರೀತಿಯಿಂದ ಕೈ ಹಿಡಿದು, "ಬಾ ಕರುಣಾ, ಚಹಾ ಕುಡಿಯೂಣು" ಎಂದಳು.

"ಯಾಕ, ಮೇಟ್ರನ್ ಬಾಯಿ ಅನ್ನಾಕ ನಾಲಿಗಿ ಸವೀತದೇನ?" ಎಂದುಬಿಟ್ಟೆ.