ಎಂದೂ ಜಾರದ ಕ್ಲಚ್ ಸಾಹೇಬರ ಸನ್ನಿಧಿಗೆ

ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಓಡುವ ಒಂದು ಬಾಡಿಗೆ ಕಾರಿನ ಹೊಟ್ಟೆಯೊಳಗೆ, ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಕತ್ತಲಲ್ಲಿ ಬಿಡಾರ ಹೂಡಿರುವ, ಬೊಂಬಾಯಿಯ ರೇಸಿನ ಮೈದಾನದಿಂದ ನಮ್ಮಂಥವರ ಮೇಲೆ ದಯಮಾಡಿಸಿದ ಕ್ಲಚ್ ಸಾಹೇಬರಿಗೆ, ಅವರ ಪರಿವಾರದ ಗಟ್ಟಿ ಸ್ಪ್ರಿಂಗುಗಳಿಗೆ, ತಾಮ್ರದ ಬಿಲ್ಲೆಗಳಿಗೆ, ಸದರಿ ಕಾರಿನ ಮಾಲೀಕನೂ ಡ್ರೈವರನೂ ಆದ ಗಿರಿಯಪ್ಪ ದೊಡಮನಿ ಮಾಡುವ ನಮಸ್ಕಾರಗಳು. ಎಡಗಾಲು ಮಡಚಲು ಬಾರದ ಕಾರಣ ಸಾಷ್ಟಾಂಗವನ್ನು ಬಲಗಡೆಯಿಂದ ಮಾತ್ರ ಮಾಡಿದ್ದೇನೆ, ಸ್ವೀಕರಿಸಬೇಕು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತು. ಕ್ಷೇಮವಿಲ್ಲದವರು ಅಷ್ಟು ಜೋರಾಗಿ ಒದೆಯುವುದಿಲ್ಲ. ನಮ್ಮ ಕಡೆಯ ಕ್ಷೇಮ ಸಮಾಚಾರ ತಿಳಿಸುವುದಕ್ಕೆಂದು ಈ ಪತ್ರ ಬರೆದಿದ್ದೇನೆ. ಇದನ್ನು ನಾಲ್ಕು ಜನ ಓದುವ ಪತ್ರಿಕೆಗೆ ಕಳಿಸುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬಾರದು. ತಮ್ಮ ಬಿಡಾರಕ್ಕೆ ಅಂಚೆಯವನು ಬರುವುದಿಲ್ಲ. ಖುದ್ದಾಗಿ ಹೇಳಿಕೊಳ್ಳೋಣವೆಂದರೆ ಕಾರಿನ ಕೆಳಗೆ ಮಲಗಿ ಮೇಲೆ ನೋಡುತ್ತ ಮಾತಾಡಬೇಕು. ಒಮ್ಮೆ ಹಾಗೆ ಮಾತಾಡಿದ್ದನ್ನು ಸ್ಟ್ಯಾಂಡಿನ ಮಂದಿ ನೋಡಿ ನನ್ನ ಹೆಂಡತಿ ಕಸ್ತೂರೆವ್ವನಿಗೆ ಹೇಳಿದರು, ಆಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ಮೂರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವನು, ಮುಂದಿನದನ್ನು ಲಾರಿಗಳ ಹಿಂದೆ ಬರೆದದ್ದನ್ನು ಓದಿ ಕಲಿತವನು. ತಪ್ಪಿದ್ದರೆ ಹೊಂದಿಸಿಕೊಂಡು ಓದಬೇಕು. ಹೊಂದಿಕೊಳ್ಳುವುದು ತಮ್ಮ ಸ್ವಭಾವದಲ್ಲಿಲ್ಲವೆಂಬುದು ಗೊತ್ತಿದ್ದೂ ವಿನಂತಿಸುತ್ತಿದ್ದೇನೆ. ಓದಿ ಸಿಟ್ಟು ಬಂದರೆ ದಯವಿಟ್ಟು ಉಣಕಲ್ಲ ಕೆರೆಯ ದಂಡೆಯ ಮೇಲೆ ಅದನ್ನು ತೀರಿಸಿಕೊಳ್ಳಬೇಡಿರಿ, ನನಗೆ ಈಜು ಬರುವುದಿಲ್ಲ.

ತಮ್ಮ ಜಾಗದಲ್ಲಿ ಮೊದಲು ಇದ್ದವರು ಬಹಳ ಮೆತ್ತನೆಯ ಆಸಾಮಿ. ಕಾಲಿಟ್ಟರೆ ಸಾಕು, ಬೆಣ್ಣೆಯ ಹಾಗೆ ಒಳಗೆ ಹೋಗುತ್ತಿದ್ದರು. ವಯಸ್ಸಾಗಿ ಹಲ್ಲು ಬಿದ್ದ ಮೇಲೆ ಮಾತ್ರ ಅವರ ಹಿಡಿತ ತಪ್ಪತೊಡಗಿತು. ಒಂದು ದಿನ ರಾಯಾಪುರ ದಾಟಿ ಧಾರವಾಡದ ಏರು ಹತ್ತುವಾಗ ಎಂಜಿನ್ನು ಗರ್ಜಿಸುತ್ತಲೇ ಇತ್ತು, ಕಾರು ಮಾತ್ರ ಯಾರದೋ ಮಾತು ಕೇಳಿದ ಹಾಗೆ ನಿಧಾನಕ್ಕೆ ನಿಂತುಬಿಟ್ಟಿತು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ ಬಾಗಿಲಿಗೆ ಜೋತುಬಿದ್ದು, "ಗಿರಿಯಪ್ಪಣ್ಣಾ, ನೀವು ಸಾವಕಾಶ ಬರ್ರಿ, ನಾವು ಮುಂದ ಹೋಗಿ ಚಾ ಕುಡದಿರ್ತೇವಿ!" ಎಂದು ಕೂಗಿಕೊಂಡು ಹೋದ. ಹುಬ್ಬಳ್ಳಿ ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೋರೇಶನ್ ಆದವೆಂದು ಆಗಷ್ಟೇ ಡಂಗುರ ಸಾರಿದ್ದರು. ನಾನು ಮಾತ್ರ ಎರಡೂ ಊರಿಗೆ ಸೇರದೆ ನಡುವೆ ನಿಂತಿದ್ದೆ. ನನ್ನ ಸ್ವಭಾವವೋ, ಒಲೆ ಆರಿಸಿದ್ದಾರೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ತಿರುಗಿ ಹೋಗುವಂಥದ್ದು. ಅಂದಿನಿಂದ ಇದೇ ಚಿಂತೆ ಹತ್ತಿತು: ನಾಳೆ ರೈಲು ಗೇಟಿನ ಹಳಿಯ ಮೇಲೆ ಜಾರಿದರೆ? ದವಾಖಾನೆಗೆ ಹೊರಟ ಬಸುರಿಯನ್ನು ಕೂರಿಸಿಕೊಂಡಾಗ ಜಾರಿದರೆ?

ಗಬ್ಬೂರಿನ ಹತ್ತಿರ ಗ್ಯಾರೇಜು ಇಟ್ಟಿರುವ ಗೌಸಸಾಬನ ಎದುರು ಈ ಚಿಂತೆ ಹೇಳಿಕೊಂಡೆ. ಆತ ಬೊಂಬಾಯಿಯಲ್ಲಿ ರೇಸಿನ ಮೋಟಾರುಗಳ ಕೈಕೆಳಗೆ ದುಡಿದು ಬಂದವನು, ಆ ಸಂಗತಿಯನ್ನು ಕೇಳದವರಿಗೂ ಹೇಳುವವನು. "ಇನ್ನ ಮ್ಯಾಲ ಎಂದೂ ಜಾರಬಾರ್ದು, ಅಂಥಾದ್ದು ಹಾಕು" ಎಂದೆ. ಆತ ಗೋಣೀಚೀಲದಿಂದ ತಮ್ಮನ್ನು ಹೊರತೆಗೆದು, "ಇದು ಹಿಡೀತಂದ್ರ ಖಬರಸ್ತಾನದ ತನಕಾ ಬಿಡೂದಿಲ್ಲ ನೋಡಪಾ, ರೇಸಿನ ಗಾಡೀದು" ಎಂದ. ಆ ಗಾಡಿ ಈಗೆಲ್ಲಿದೆ ಎಂದು ಕೇಳಿದೆ. "ಅದೆಲ್ಲೈತಿ! ಗ್ವಾಡಿಗೆ ಬಡದು ಚೂರ್ ಚೂರ್ ಆತು. ಕ್ಲಚ್ ಅಷ್ಟ ಉಳದೈತಿ. ಅಂದಮ್ಯಾಲ ಎಂಥಾ ಗಟ್ಟಿ ಇರಬೇಕು ವಿಚಾರ ಮಾಡು!" ಎಂದು ತೊಡೆ ತಟ್ಟಿಕೊಂಡ. ನಾನು ವಿಚಾರ ಮಾಡಿದೆ. ಬೇರೆ ಯಾವುದಕ್ಕೂ ಹತ್ತು ಸಲ ವಿಚಾರ ಮಾಡುವವನು ಇದೊಂದಕ್ಕೆ ಒಂದೇ ಸಲ ಮಾಡಿದೆ.

ತಾವು ಬಂದಂದಿನಿಂದ ಆದ ಉಪಕಾರಗಳನ್ನು ಎಷ್ಟೆಂದು ಹೇಳಲಿ. ತಮ್ಮ ಪೆಡಲನ್ನು ತುಳಿಯುವುದೆಂದರೆ ಮನೆಯ ಗೋಡೆಯನ್ನು ಹಿತ್ತಿಲಿಗೆ ಸರಿಸಿದ ಹಾಗೆ. ಅದರಿಂದ ನನ್ನ ಎಡಗಾಲು ಪೈಲವಾನನದಾಗಿದೆ, ಬಲಗಾಲು ಮಾತ್ರ ಇನ್ನೂ ಗಿರಿಯಪ್ಪನದೇ ಇದೆ. ದರ್ಜಿ ನನ್ನ ಪಾಯಿಜಾಮಕ್ಕೆ ಈಗ ಎರಡು ಅಳತೆ ತೆಗೆಯುತ್ತಾನೆ. ಊಟಕ್ಕೆ ಕೂತಾಗ ಕಾಲು ತನ್ನಷ್ಟಕ್ಕೆ ಮುಂದೆ ಚಾಚಿ ನೀರಿನ ತಂಬಿಗೆಯನ್ನು ಪೆಡಲೆಂದು ತುಳಿಯುತ್ತದೆ. ಕಸ್ತೂರೆವ್ವ ಈಗ ನನ್ನ ಎಡಗಡೆಗೆ ಏನನ್ನೂ ಬಡಿಸುವುದಿಲ್ಲ.

ಪೆಡಲನ್ನು ತುಳಿಯುವುದು ಕಷ್ಟವಾದರೆ ಬಿಡುವುದು ಅದಕ್ಕಿಂತ ದೊಡ್ಡ ಹಬ್ಬ. ತಮ್ಮಲ್ಲಿ ಎರಡೇ ಮಾತು, ಬಿಟ್ಟೆ ಅಥವಾ ಹಿಡಿದೆ. ಅರ್ಧ ಹಿಡಿದು ಅರ್ಧ ಬಿಡುವ ಸಂಸಾರಸ್ಥರ ರೀತಿ ತಮಗೆ ಹೇಸಿಗೆ. ಆದ್ದರಿಂದ ಕಾರು ಹೊರಡುವುದಿಲ್ಲ, ಹಾರುತ್ತದೆ. ಒಳಗೆ ಕೂತವರೆಲ್ಲ ಒಮ್ಮೆಲೇ ಬಗ್ಗಿ ಏಳುತ್ತಾರೆ. ಉರ್ದು ಶಾಲೆಯ ಶಹಜಹಾನಬೇಗಂ ಮೇಡಮ್ಮನವರು ಮೊನ್ನೆ ಕೊಡೆಯನ್ನು ಅವುಚಿ ಹಿಡಿದುಕೊಂಡು, "ಗಿರಿಯಪ್ಪ ಭಾಯಿ, ನಮ್ಮ ಹುಡುಗೂರಿಗೆ ಸಲಾಂ ಮಾಡೂದು ಕಲಸಾಕ ನನಗ ವರ್ಷ ಬೇಕು. ನೀವು ಒಂದ ಝಟಕಾದಾಗ ಕಲಸ್ತೀರಲ್ರಿ!" ಎಂದರು. ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವ ಪೋಲೀಸನಂತೂ ತನಗೇ ಎಲ್ಲರೂ ವಂದಿಸುತ್ತಾರೆಂದು ತಿಳಿದು ದಿನಾ ನನ್ನ ಕಾರಿಗೆ ಎದುರು ಸಲಾಮು ಹೊಡೆಯುತ್ತಾನೆ. ಆತನಿಗೆ ನಿಜ ತಿಳಿದ ದಿನ ನನ್ನ ಗತಿ ಏನು ಎಂಬುದು ನನ್ನ ಹೊಸ ಚಿಂತೆ.

ಇಷ್ಟನ್ನೂ ನಾನು ತುಟಿ ಪಿಟಕ್ಕೆನ್ನದೆ ಸಹಿಸಿದೆ. ಆದರೆ ನನ್ನ ತಮ್ಮ ಸೋಮಪ್ಪನ ಮದುವೆಯ ವಿಷಯ ಬಂದಾಗ ತಮ್ಮ ಪಾದ ಹಿಡಿಯದೆ ಗತಿ ಇರಲಿಲ್ಲ.

ನಮ್ಮೂರು ಶಿರಗುಪ್ಪಿಯಿಂದಾಚೆ ಇದೆ. ಹೆಸರು ಬರೆಯುವುದಿಲ್ಲ, ಯಾರು ಓದುತ್ತಾರೋ ಏನೋ. ಊರಿಗೊಂದು ಅಗಸಿ ಬಾಗಿಲು, ಅಗಸಿಯಿಂದ ಬಾವಿಯ ತನಕ ಒಂದು ದೊಡ್ಡ ಬೀದಿ, ಬೀದಿಯ ಎರಡೂ ಬದಿಗೆ ದೊಡ್ಡವರ ಮನೆಗಳು, ಬಾವಿಯಿಂದ ಅತ್ತ ನಮ್ಮ ಕೇರಿ. ಆ ಬೀದಿಯಲ್ಲಿ ಹೊರಟ ಮದುವೆಯ ಮೆರವಣಿಗೆಗಳಿಗೆಲ್ಲ ಹಲಗಿ ಬಾರಿಸಿದವರು ನಮ್ಮ ಅಪ್ಪ, ಅಜ್ಜ. ನಮ್ಮ ಕೇರಿಯ ಮದುಮಗ ಮಾತ್ರ ಇದುವರೆಗೆ ಊರ ಹೊರಗಿನಿಂದ, ಹಿತ್ತಿಲುಗಳ ಹಿಂದಿನಿಂದ, ತಿಪ್ಪೆಗಳನ್ನು ಸುತ್ತಿಕೊಂಡು ಮನೆ ಸೇರುತ್ತಿದ್ದ. ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ, ಬರೆಯದೆಯೇ ಎಲ್ಲರಿಗೂ ತಿಳಿದಿತ್ತು. ಸೋಮಪ್ಪ ಓದಿ ಸರಕಾರಿ ಶಾಲೆಯ ಮಾಸ್ತರನಾದ. ನಮ್ಮ ಅವ್ವ ಮುದಕವ್ವ ಒಂದೇ ಮಾತು ಹಿಡಿದಳು: "ಹಿರೇಮಗನ ಕಾರ್ನ್ಯಾಗ ಸಣ್ಣ ಮಗ ಕೂಡಬೇಕು. ಅಗಸ್ಯಾಗ ಹೊಕ್ಕು ಬೀದಿ ಹಿಡದ ಬರಬೇಕು." ಅವಳಿಗೆ ಎದುರು ಹೇಳುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಮೆರವಣಿಗೆ ಎಂದರೆ ತಮಗೆ ತಿಳಿದಿರಲಿಕ್ಕಿಲ್ಲ, ಬೊಂಬಾಯಿಯ ರೇಸಿನಲ್ಲಿ ಅದು ಇರುವುದಿಲ್ಲ. ಮೆರವಣಿಗೆಯಲ್ಲಿ ಹಿಂದೆ ಬಿದ್ದವನೇ ಗೆದ್ದವನು. ಮುಂದೆ ಬ್ಯಾಂಡಿನವರು ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾರೆ, ಊದುತ್ತಾರೆ, ಮತ್ತೆ ಎರಡು ಹೆಜ್ಜೆ. ಅವರ ಹಿಂದೆ ಕಾರು ಇರುವೆಯ ಹಾಗೆ ತೆವಳಬೇಕು. ಇರುವೆಯ ನಡಿಗೆಗೆ ಅರ್ಧ ಹಿಡಿಯುವ ಕ್ಲಚ್ ಬೇಕು, ಚೂರು ಜಾರಬೇಕು. ಬರೀ ಮೊದಲ ಗೇರಿನಲ್ಲಿ ಬಿಟ್ಟರೂ ನಮ್ಮ ಕಾರು ಕ್ಲಾರಿಯೋನೆಟ್ಟನ್ನು ತುಳಿದು ಹೋಗುತ್ತದೆ. ಇದನ್ನು ನೆನೆದೇ ನನಗೆ ಅನ್ನ ಸೇರದಾಯಿತು.

ಗೌಸಸಾಬನ ಹತ್ತಿರ ಓಡಿದೆ, ಹಳೆಯವರನ್ನೇ ತಿರುಗಿ ಕೂರಿಸು ಎಂದೆ. ಅವರು ಗುಜರಿಗೆ ಹೋಗಿ ಕರಗಿ ತೂಬಿನ ಮುಚ್ಚಳವಾಗಿರಬಹುದೆಂದ. ಬೇರೆಯದು ಬೊಂಬಾಯಿಯಿಂದ ಬರುವಷ್ಟರಲ್ಲಿ ಮದುಮಗನಿಗೆ ಮಕ್ಕಳಾಗುತ್ತವೆಂದ. ಬೇರೆ ಬಾಡಿಗೆ ಕಾರಿನವರು, ಯಾವ ಊರು, ಯಾವ ಬೀದಿ, ಯಾರ ಮೆರವಣಿಗೆ ಎಂದು ಕೇಳಿದ ಮೇಲೆ ಅಂದು ಅವರ ಕಾರುಗಳೆಲ್ಲ ಕೆಟ್ಟಿರುತ್ತವೆ ಎಂದು ಮುಂಚಿತವಾಗಿಯೇ ತಿಳಿಸಿದರು. ಕೊನೆಗೆ ಗಬ್ಬೂರಿನ ಬಯಲಲ್ಲಿ ತಾಲೀಮು ಮಾಡಿದೆವು. ಗೌಸಸಾಬ ಎಣ್ಣೆಯ ಡಬ್ಬಿ ಬಾರಿಸುತ್ತ ಬ್ಯಾಂಡಿನವನಾಗಿ ಮುಂದೆ ನಡೆದ, ನಾನು ಹಿಂದೆ. ಮೊದಲನೆಯ ಸಲಕ್ಕೇ ಆತ ಡಬ್ಬಿ ಸಮೇತ ಜಾಲಿಯ ಕಂಟಿಯಲ್ಲಿದ್ದ. "ಏ ಮಾರಾಯಾ, ನಿಂಗ ಇರಿವಿ ಬೇಕಿತ್ತಂದ್ರ ಹುಲಿ ಯಾಕ ಕೇಳಿದ್ಯೋ!" ಎಂದು ಮುಳ್ಳು ಕಿತ್ತುಕೊಳ್ಳುತ್ತ ಕೂಗಿದ. ಆ ದಿನ ತಮ್ಮೆದುರು ಕೈ ಮುಗಿದು ಬೇಡಿಕೊಂಡದ್ದು ನೆನಪಿರಬಹುದು: ಒಂದೇ ಒಂದು ಬೀದಿಯ ಮಟ್ಟಿಗೆ ತಾವು ತಮ್ಮ ಹಟ ಬಿಡಬೇಕು, ಬೇಕಾದರೆ ರಜೆ ಹಾಕಬೇಕು, ಇಲ್ಲವಾದರೆ ಬೀಗರೆಂದು ತಿಳಿದು ಕಾರಿನಿಂದಿಳಿದು ಹಂದರದಲ್ಲಿ ಬಂದು ಕೂಡಬೇಕು, ಎರಡು ಹೋಳಿಗೆ ಜಾಸ್ತಿ ಬಡಿಸುತ್ತೇವೆ. ತಾವು ಉತ್ತರ ಕೊಡಲಿಲ್ಲ. ದೊಡ್ಡವರ ರೀತಿಯೇ ಹಾಗೆ.

ಮದುವೆಯ ಹಿಂದಿನ ದಿನ ಇಳಿಹೊತ್ತಿಗೆ ಕಾರಿಗೆ ಚೆಂಡುಹೂವು ಕಟ್ಟಿ ಅಗಸಿಗೆ ತಂದು ನಿಲ್ಲಿಸಿದೆ. ಹಿಂದೆ ಬಾಸಿಂಗ ಕಟ್ಟಿಕೊಂಡ ಸೋಮಪ್ಪ, ಪಕ್ಕದಲ್ಲಿ ಅವ್ವ. ಮುಂದೆ ಹುಬ್ಬಳ್ಳಿಯಿಂದ ಕರೆಸಿದ ಕೆಂಪು ಕೋಟಿನ ಬ್ಯಾಂಡು, ಹಿಂದೆ ನಮ್ಮ ಕೇರಿಯ ಗಂಡು ಹೆಣ್ಣು ಎಲ್ಲರೂ. ಅಗಸಿಯಿಂದ ತುಸು ಮುಂದಿನ ಕಟ್ಟೆಯ ಮೇಲೆ ಊರ ದೊಡ್ಡವರು ಆ ಹೊತ್ತಿಗೆ ಸರಿಯಾಗಿ ಬಂದು ಕೂತಿದ್ದರು. ಬ್ಯಾಂಡು ಶುರುವಾಯಿತು. ನಾನು ದೇವರನ್ನು ನೆನೆದು ಪೆಡಲು ಬಿಟ್ಟೆ.

ತಾವು ತಮ್ಮ ಕರ್ತವ್ಯ ಮಾಡಿದಿರಿ. ಕಾರು ಹಾರಿತು, ಬಾಸಿಂಗ ಮಾಸ್ತರನ ಮೂಗಿಗಿಳಿಯಿತು, ದೊಡ್ಡ ಢೋಲಿನವನು ಯಾರದೋ ಪಡಸಾಲೆಗೆ ಹಾರಿದ. ಕಟ್ಟೆಯ ಮೇಲೆ ನಗೆ ಎದ್ದಿತು. "ಹೋಗ್ರೋ, ಹೋಗ್ರೋ, ಲಗೂ ದಾಟ್ರಿ! ಯಾರರ ನೋಡ್ಯಾರು!" ಎಂದು ಒಬ್ಬ ಸಾವಕಾರರು ಕೂಗಿದರು.

ಸಾಹೇಬರೇ, ತಮ್ಮ ಮುಂದೆ ಮುಚ್ಚುಮರೆ ಏಕೆ. ಆ ಗಳಿಗೆಯಲ್ಲಿ ತಮ್ಮ ಮನಸ್ಸೂ ನನ್ನ ಅಂಜಿಕೆಯೂ ಒಂದೇ ಆಗಿದ್ದವು. ಕಾಲು ಪೂರ್ತಿ ಎತ್ತಿಬಿಟ್ಟರೆ ಸಾಕು, ಕಣ್ಣು ಪಿಳುಕಿಸುವಷ್ಟರಲ್ಲಿ ಬೀದಿ ಮುಗಿದು ನಮ್ಮ ಕೇರಿಯಲ್ಲಿರುತ್ತೇವೆ. ಬೀದಿ ಹಿಡಿದು ಬಂದೆವೆಂದೂ ಆಯಿತು, ಯಾರ ಮುಖ ನೋಡುವುದೂ ತಪ್ಪಿತು. ನನ್ನ ಕೈ ಗೇರಿನ ಮೇಲಿತ್ತು. ಹಿಂದಿನಿಂದ ಅವ್ವ ನನ್ನ ಭುಜದ ಮೇಲೆ ಕೈಯಿಟ್ಟಳು. "ಗಿರಿಯಾ, ಅದನ್ನ ಆರಸು."

"ಆರಿಸಿದ್ರ ಹೋಗೂದ ಹ್ಯಾಂಗಬೇ?"

"ಹಿಂದ ಇಷ್ಟ ಮಂದಿ ಏನ್ ಉಣ್ಣಾಕಷ್ಟ ಬಂದಾರೇನು? ಆರಸು ಅಂದ್ನಿ."

ಆರಿಸಿದೆ, ಗೇರು ತಪ್ಪಿಸಿದೆ. ಅವ್ವ ಕಿಡಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದೇ ತಡ, ನಮ್ಮ ಕೇರಿಯ ಕಾಕಾಗಳು, ಮಾವಗಳು, ತಲೆಯ ಪಟಗ ಬಿಚ್ಚಿ ಸೊಂಟಕ್ಕೆ ಬಿಗಿದು ಕಾರಿಗೆ ಹೆಗಲು ಕೊಟ್ಟರು. ಗಾಲಿ ಉರುಳಿತು. ಎಂಥ ಉರುಳು ಅಂತೀರಿ, ತೊಟ್ಟಿಲು ತೂಗಿದ ಹಾಗೆ! ಬ್ಯಾಂಡಿನವರು ಎರಡು ಹೆಜ್ಜೆ ಇಟ್ಟರೆ ಕಾರು ಒಂದು ಹೆಜ್ಜೆ ಇಟ್ಟಿತು, ಅವರು ನಿಂತಲ್ಲಿ ನಿಂತಿತು, ಪ್ರತಿ ಮನೆಯ ಬಾಗಿಲೆದುರು ನಿಂತಿತು. ಕಟ್ಟೆಯ ಎದುರಿಗೆ ಬಂದಾಗ ಅದೇ ಸಾವಕಾರರು ಎದ್ದು ನಿಂತು, "ಯಾಕಬೇ ಮುದಕವ್ವಾ, ಮೋಟಾರಿನ ಎಣ್ಣಿ ತೀರಿತೇನು?" ಎಂದು ಕೇಳಿದರು. ಅವ್ವ ಸೆರಗು ಸರಿ ಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು:

"ಎಣ್ಣಿ ತುಂಬೇತ್ರೀ ಸಾವಕಾರ. ನಮಗ ಅವಸರ ಇಲ್ಲ, ಅಷ್ಟ."

ಬ್ಯಾಂಡಿನವರಿಗೆ ಬರುತ್ತಿದ್ದ ಹಾಡುಗಳೆಲ್ಲ ಮುಗಿದು ಮತ್ತೆ ಮೊದಲಿಂದ ಶುರುವಾದವು. ಬಾವಿ ಮುಟ್ಟಿದಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಆ ಬೀದಿಯಲ್ಲಿ ಅಷ್ಟು ನಿಧಾನವಾದ ಮೆರವಣಿಗೆ ಯಾವ ದೊಡ್ಡ ಮನೆಯದೂ ಆಗಿರಲಿಲ್ಲವೆಂದು ಹಲಗಿ ಬಾರಿಸಿ ಮುಪ್ಪಾದ ನಮ್ಮ ದೊಡ್ಡಪ್ಪ ಹೇಳಿದ. ಇಂಥ ವಿಷಯದಲ್ಲಿ ಅವನ ಮಾತು ಕಡೆಯ ಮಾತು.

ಆದ್ದರಿಂದ ಮಾನ್ಯರೇ, ಅಂದು ತಾವು ಒಂದಿಷ್ಟೂ ಸಹಕರಿಸದೆ ತೋರಿದ ಕೃಪೆಗೆ ನಮ್ಮ ಕೇರಿ ಋಣಿಯಾಗಿದೆ. ಆದರೆ ದಿನಾ ಯಾರು ಬಂದು ನೂಕುತ್ತಾರೆ? ನಾಳೆ ಬೆಳಿಗ್ಗೆ ಮತ್ತೆ ಶಹಜಹಾನಬೇಗಂ ಮೇಡಮ್ಮನವರಿದ್ದಾರೆ, ಪೋಲೀಸನಿದ್ದಾನೆ, ನನ್ನ ಕಾಲಿದೆ. ಕಾರಣ ತಾವು ದೊಡ್ಡ ಮನಸ್ಸು ಮಾಡಿ, ಹೊಸ ಗೋಡೆಯೊಂದನ್ನು ಹುಡುಕಿಕೊಂಡು ಬೊಂಬಾಯಿಗೆ ತಿರುಗಿ ದಯಮಾಡಿಸಬೇಕು. ಹೋಗುವಾಗ ಮಾತ್ರ ನನ್ನನ್ನು ಜೊತೆಗೆ ಕರೆದೊಯ್ಯಬಾರದು ಎಂದು ಎಡಮೊಣಕಾಲು ಹಿಡಿದುಕೊಂಡು ಪ್ರಾರ್ಥಿಸುತ್ತೇನೆ.

ಎಡಗಾಲು ಬಿಟ್ಟು ಉಳಿದೆಲ್ಲ ಅಂಗಗಳಿಂದ
ತಮ್ಮ ವಿಶ್ವಾಸಿ,
ಗಿರಿಯಪ್ಪ ದೊಡಮನಿ

ತಾ.ಕ.: ಕಟ್ಟೆಯ ಮೇಲಿನ ಆ ಸಾವಕಾರರು ನಿನ್ನೆ ಹೇಳಿಕಳಿಸಿದ್ದಾರೆ. ಬರುವ ತಿಂಗಳು ಅವರ ಮಗನ ಮೆರವಣಿಗೆಗೂ ನಮ್ಮ ಕಾರೇ ಬೇಕಂತೆ, ಎಂಜಿನ್ನು ಆರಿಸಿ, ಹಾಗೇ ನೂಕಿಸಿಕೊಂಡು, ನಮ್ಮದಕ್ಕಿಂತ ನಿಧಾನವಾಗಿ. ಕಾರು ಸಂತೋಷದಿಂದ ಕೊಡುತ್ತೇವೆ, ನೂಕುವುದಕ್ಕೆ ಮಾತ್ರ ಸಾವಕಾರರು ತಮ್ಮ ಅಣ್ಣತಮ್ಮಂದಿರನ್ನೇ ಕರೆತರಬೇಕು ಎಂದು ಅವ್ವ ಹೇಳಿಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ, ಅವರಿಗೂ ಅವಸರವಿಲ್ಲದಿರಬಹುದು.